ಕಡಲ ಹಕ್ಕಿಗೆ 8x42 ಬೈನಾಕ್ಯುಲರ್: ಕೆಲವು ಚಳಿಗಾಲಗಳ ಬಳಕೆಯ ನಂತರ

ಹದಿನೈದು ಸಾವಿರದೊಳಗಿನ ಈ ಬೈನಾಕ್ಯುಲರ್ (ಎಂಟುಪಟ್ಟು ದೊಡ್ಡದಾಗಿ ತೋರಿಸುವುದು, ಮುಂದಿನ ಗಾಜಿನ ಅಗಲ 42 ಮಿ.ಮೀ.) ಕೊಳ್ಳುವಾಗ ಅಂಗಡಿಯವರು ಹತ್ತುಪಟ್ಟು ತೋರಿಸುವ 10x ತಗೊಳ್ಳಿ ಎಂದು ಒತ್ತಾಯಿಸಿದ್ದರು. ಕೇಳದಿದ್ದದ್ದೇ ಒಳ್ಳೆಯದಾಯಿತು. ಉತ್ತರ ಕನ್ನಡದಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಗಾಳಿ ಬೀಸುವಾಗ, ಅದೂ ತೂಗಾಡುವ ದೋಣಿಯಲ್ಲಿ, ಹಕ್ಕಿಯ ಜೊತೆ ಕೈನಡುಕವೂ ಹತ್ತುಪಟ್ಟಾಗುತ್ತದೆ.

ನಾನು ಹುಡುಕುತ್ತಿದ್ದದ್ದು ಆಯ್ಸ್ಟರ್‌ಕ್ಯಾಚರ್. ಚಳಿಗಾಲಕ್ಕೆ ಬರುವ ಕಪ್ಪು-ಬಿಳುಪು ಹಕ್ಕಿ. ಚಿಪ್ಪು ಬಿಡಿಸಿ ತಿನ್ನಲು ಉದ್ದನೆಯ ಕಿತ್ತಳೆ-ಕೆಂಪು ಕೊಕ್ಕು. ಊರವರು ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುವ ಅಳಿವೆಗೆ ಬರದೆ ಇನ್ನೆಲ್ಲಿಗೆ ಬಂದೀತು? ಆದರೂ ನಮ್ಮ ಕಡೆ ಅಪರೂಪವೇ. ದೂರದ ಮರಳುದಿಣ್ಣೆಯಲ್ಲಿ ಕೆಂಪು ಕೊಕ್ಕು ಕಂಡಿತೆಂದು ಕುಣಿದರೆ ಬಹುಪಾಲು ಅದು ಕ್ಯಾಸ್ಪಿಯನ್ ಟರ್ನ್ ಎಂಬ ಬೇರೆ ಕಡಲಹಕ್ಕಿ. ಟರ್ನ್‌ನ ಬೆನ್ನು ಬೂದಿ ಬಣ್ಣ, ಕಾಲು ಗಿಡ್ಡ ಮತ್ತು ಕಪ್ಪು. ಆಯ್ಸ್ಟರ್‌ಕ್ಯಾಚರ್‌ನ ಬೆನ್ನು ಕಪ್ಪು, ಕಾಲು ನಸುಗೆಂಪು. ಬೆಳಗಿನ ಬೆಳಕಲ್ಲಿ ಈ ಗಾಜು ಅಷ್ಟನ್ನು ತೋರಿಸುತ್ತದೆ. ಬಿಸಿಲೇರಿ ಮರಳಿನ ಝಳ ಎದ್ದಮೇಲೆ ಎಷ್ಟು ದುಬಾರಿ ಗಾಜಾದರೂ ಅಷ್ಟೇ. ಕಪ್ಪು-ಬಿಳುಪು ಸೇರುವ ಗೆರೆಯಲ್ಲಿ ತೆಳ್ಳಗೆ ನೇರಳೆ ಅಂಚು ಕಾಣುತ್ತದೆ, ಈ ಬೆಲೆಗೆ ಸಹಿಸಿಕೊಳ್ಳಬಹುದು.

ಗಾಜಿಗಿಂತ ಉಬ್ಬರದ ಲೆಕ್ಕ ಮುಖ್ಯ. ಇಳಿತದಲ್ಲಿ ಹಕ್ಕಿಗಳು ಕೆಸರಿನುದ್ದಕ್ಕೂ ಚದುರಿರುತ್ತವೆ. ನೀರೇರಿದಂತೆ ಉಳಿದ ದಿಣ್ಣೆಗೆ ಒತ್ತೊತ್ತಾಗಿ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ದೊಡ್ಡದು, ನಿಲ್ಲಲು ಜಾಗ ಕಡಿಮೆ. ನನಗೆ ಆಯ್ಸ್ಟರ್‌ಕ್ಯಾಚರ್ ಸಿಕ್ಕಿದ್ದೂ ಹಾಗೆಯೇ, ಟರ್ನ್‌ಗಳ ಹಿಂದೆ ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ಒಂಟಿಕಾಲಲ್ಲಿ ನಿದ್ದೆ ಹೊಡೆಯುತ್ತಿತ್ತು. ದೋಣಿಯಲ್ಲಿದ್ದ ಅಕ್ಕ ಬೈನಾಕ್ಯುಲರ್ ಇಸಿದುಕೊಂಡು ನೋಡಿ, "ಇಷ್ಟಕ್ಕೆ ಬೆಂಗಳೂರಿಂದ ಬಂದ್ರಾ ಮಾರಾಯ್ರೇ?" ಎಂದರು.

ಇನ್ನು ದೂರುಗಳು. ಫೋಕಸ್ ಚಕ್ರಕ್ಕೆ ಉಪ್ಪು-ಮರಳು ಹೊಕ್ಕು ಈಗ ತಿರುಗಿಸುವಾಗ ಕರಕರ ಎನ್ನುತ್ತದೆ. ಬಲಗಣ್ಣಿನ ಹೊಂದಿಕೆಯ ಉಂಗುರಕ್ಕೆ ಲಾಕ್ ಇಲ್ಲ, ಚೀಲದಲ್ಲಿಟ್ಟರೆ ಜರುಗುತ್ತದೆ. ಹಳೆ ಜಾಗಕ್ಕೆ ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಂಡಿದ್ದೇನೆ. ಕಣ್ಣಿನ ಬಳಿಯ ರಬ್ಬರ್ ಸಡಿಲಾಗಿದೆ, ಬಿಡಿಭಾಗ ಕೇಳಿದರೆ "ಹೊಸದೇ ತಗೊಳ್ಳಿ ಸರ್" ಎಂಬ ಉತ್ತರ. ಒಳಗೆ ಮಾತ್ರ ಒಂದು ಸಲವೂ ಮಂಜು ಕಟ್ಟಿಲ್ಲ. ನೀರು ಒಳಹೋಗದ ಮಾದರಿಯಾದ್ದರಿಂದ ಪ್ರತಿ ಸಂಜೆ ಸಿಹಿನೀರಲ್ಲಿ ತೊಳೆಯುತ್ತೇನೆ. ಉಪ್ಪು ಕೂತ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಲೇಬೇಡಿ, ಗೀರು ಬೀಳುತ್ತದೆ.

ಐದಕ್ಕೆ ನಾಲ್ಕು. ದೋಣಿ ಹತ್ತದೆ ದಡದಿಂದಲೇ ನೋಡುವವರಾದರೆ ದುಡ್ಡು ಕೂಡಿಟ್ಟು ಸ್ಪಾಟಿಂಗ್ ಸ್ಕೋಪನ್ನೇ (ಮುಕ್ಕಾಲಿಯ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದೂರದರ್ಶಕ) ಕೊಳ್ಳಿ.