ಸಿಡಿ ಪ್ಲೇಯರೋ, ಸ್ಟ್ರೀಮಿಂಗೋ?

ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಹಾಡು ಕೇಳುವವರಿಗೆ ಸ್ಟ್ರೀಮಿಂಗೇ ಸಾಕು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಒಳ್ಳೆಯ ಸೌಂಡ್ ಬೇಕಾದರೆ ಸಿಡಿಯೇ ಬೇಕು ಅನ್ನುವುದು ಈಗ ಅರ್ಧ ನಿಜ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್‌ನಷ್ಟು ಸೌಂಡಿನ ಮಾಹಿತಿ ಇರುತ್ತದೆ. ಒಳ್ಳೆಯ ಎಂಪಿ3 ಅಂದರೂ 320. ಆದರೆ ಆಪಲ್ ಮ್ಯೂಸಿಕ್ 2021ರಿಂದಲೇ ಲಾಸ್‌ಲೆಸ್, ಅಂದರೆ ಸೌಂಡಿನ ಮಾಹಿತಿ ಏನೂ ಕಳೆಯದ ಹಾಡು, ಕೊಡುತ್ತಿದೆ, ಅದಕ್ಕೆ ಜಾಸ್ತಿ ದುಡ್ಡೂ ಇಲ್ಲ. ಮಾಮೂಲಿ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಮಾತ್ರ ಆ ಲಾಭ ದಾರಿಯಲ್ಲೇ ಸೋರಿಹೋಗುತ್ತದೆ.

ಸಿಡಿ ಗೆಲ್ಲುವುದು ಬೇರೆ ಕಡೆ. ಕೊಂಡರೆ ಅದು ನಿಮ್ಮದು. ಆ್ಯಪ್‌ನಲ್ಲಿ ಲೈಸೆನ್ಸ್ ಮುಗಿದರೆ ನಿನ್ನೆ ಇದ್ದ ಆಲ್ಬಂ ಇವತ್ತು ಮಾಯ. ಕರ್ನಾಟಕ ಸಂಗೀತದ ಎಷ್ಟೋ ಸಿಡಿಗಳ ಒಳಹಾಳೆಯಲ್ಲಿ ಪಿಟೀಲು ಯಾರದ್ದು, ಮೃದಂಗ ಯಾರದ್ದು ಅಂತಲೂ ಇರುತ್ತದೆ. ಆ್ಯಪ್‌ನಲ್ಲಿ ಅದು ಸಿಕ್ಕರೆ ನಿಮ್ಮ ಪುಣ್ಯ.

ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಳ್ಳುವುದಾದರೆ ನಿಮ್ಮದೇ ಡಿಸ್ಕ್ ಒಯ್ದು ಕೊನೆಯ ಹಾಡನ್ನೂ ಹಾಕಿಸಿ ಕೇಳಿ. ಪ್ಲೇಯರ್ ಡಿಸ್ಕನ್ನು ಒಳಗಿನಿಂದ ಹೊರಗೆ ಓದುತ್ತಾ ಹೋಗುತ್ತದೆ. ಸವೆದ ಯಂತ್ರ ಎಷ್ಟೋ ಸಲ ಅಂಚಿನಲ್ಲೇ ತೊದಲುವುದು. ಹಳೆಯ ಡಿಸ್ಕ್ ಕೊಳ್ಳುವಾಗ ಹೆಸರು ಅಚ್ಚಾದ ಬದಿಯ ಗೀರನ್ನೂ ನೋಡಿ. ಹಾಡು ಇರುವ ಪದರ ಆ ಬದಿಗೇ ಹತ್ತಿರ, ಅಲ್ಲಿ ಕೆತ್ತಿಹೋದರೆ ಕಥೆ ಮುಗಿಯಿತು.

ಮನೆಯಲ್ಲಿ ಒಂದೂ ಸಿಡಿ ಇಲ್ವಾ? ಹಾಗಾದರೆ ಪ್ಲೇಯರ್ ಬೇಡವೇ ಬೇಡ.