ಗಾಂಜಾ ಅಂಗಡಿಯ ದುಡ್ಡು ಎಲ್ಲಿಡೋದು? ಕ್ಯಾಶ್, ಕ್ರಿಪ್ಟೋ, ಕ್ರೆಡಿಟ್ ಯೂನಿಯನ್ ಮೂರನ್ನೂ ನೋಡಿದ ಮೇಲೆ

ಅಮೆರಿಕದ ಕೊಲರಾಡೋದಲ್ಲಿ ವೈದ್ಯರ ಚೀಟಿ ಇಲ್ಲದ ವಯಸ್ಕರಿಗೂ ಮಾರುವ ಗಾಂಜಾ ಅಂಗಡಿಗಳು 2014ರ ಜನವರಿಯಲ್ಲೇ ಬಾಗಿಲು ತೆರೆದವು. ರಾಜ್ಯ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಹಾಗಾಗಿ ದೊಡ್ಡ ಬ್ಯಾಂಕುಗಳು ಖಾತೆ ಕೊಡಲು ಹಿಂಜರಿದವು. ಡೆನ್ವರ್‌ನಲ್ಲಿ ಇಂಥ ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದಾಗ ನಾವು ಎಲ್ಲ ದಾರಿಯನ್ನೂ ಹಿಡಿದು ನೋಡಿದೆವು. (ಎಚ್‌-1ಬಿ, ಗ್ರೀನ್ ಕಾರ್ಡ್‌ನಲ್ಲಿರುವ ನಮ್ಮವರು ಈ ಕೆಲಸದ ಹತ್ತಿರಕ್ಕೂ ಸುಳಿಯಬೇಡಿ. ರಾಜ್ಯದ ಕಾನೂನು ಒಪ್ಪಿದ್ದರೂ ಪೌರತ್ವದ ಅರ್ಜಿಗೆ ತೊಡಕಾಗಬಹುದು ಅಂತ ವಲಸೆ ಇಲಾಖೆ 2019ರಲ್ಲೇ ಹೇಳಿದೆ. ನಾನು ಸೇರಿದ್ದು ಸಿಟಿಜನ್ ಆದ ಮೇಲೆ.)

ಕ್ಯಾಶ್ ಗಿರಾಕಿಗೆ ಸುಲಭ, ನಮಗೆ ತಲೆನೋವು. ನೋಟುಗಳಿಗೆ ಸೊಪ್ಪಿನ ಘಾಟು ಹತ್ತುತ್ತದೆ, ಎಣಿಸಿದ ಮೇಲೂ ಕೈಬಿಡೋದಿಲ್ಲ. ಸಂಬಳ ಲಕೋಟೆಯಲ್ಲಿ. ತೆರಿಗೆಯನ್ನೂ ನಗದಾಗಿ ಕಟ್ಟಬೇಕೆಂದರೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಕಚೇರಿಗೆ ಹೊತ್ತುಕೊಂಡು ಹೋಗಬೇಕು.

ನಡುವೆ 'ಕ್ಯಾಶ್‌ಲೆಸ್ ಎಟಿಎಂ' ಇಟ್ಟೆವು. 42 ಡಾಲರ್ ಮಾಲಿಗೆ ಕಾರ್ಡ್‌ನಿಂದ 50 ಎಳೆದು, ಉಳಿದ 8 ಡಾಲರ್ ಚಿಲ್ಲರೆ ಕೊಡೋದು. ವ್ಯಾಪಾರವನ್ನು ಎಟಿಎಂನಿಂದ ಹಣ ತೆಗೆದಂತೆ ತೋರಿಸುವ ಕಳ್ಳದಾರಿ ಇದು. ಇದರ ಬಗ್ಗೆ ಕಾರ್ಡ್ ಕಂಪನಿ ವೀಸಾ 2021ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ತೆಗೆದುಹಾಕಿದೆವು.

ಕ್ರಿಪ್ಟೋ ಮೇಲೆ, ಅಂದರೆ ಬ್ಯಾಂಕಿನ ಹಂಗಿಲ್ಲದೆ ಇಂಟರ್ನೆಟ್‌ನಲ್ಲೇ ಕೈಬದಲಾಗುವ ಡಿಜಿಟಲ್ ಕಾಯಿನ್‌ಗಳ ಮೇಲೆ, ನನಗೆ ನಿಜಕ್ಕೂ ಆಸೆಯಿತ್ತು. ಬಿಟ್‌ಕಾಯಿನ್ ಕೌಂಟರ್‌ನಲ್ಲೇ ಸೋತಿತು. ಗಿರಾಕಿ ಫೋನ್ ಹಿಡಿದು ನಿಂತಿದ್ದಾನೆ, ಹಣ ಬಂತು ಅಂತ ಖಾತ್ರಿಯಾಗಲು ಸುಮಾರು ಹತ್ತು ನಿಮಿಷ, ಹಿಂದೆ ಸಾಲು ಬೆಳೀತಾ ಇದೆ. ಬೆಲೆಯಂತೂ ಕೇಳಬೇಡಿ: 2021ರ ನವೆಂಬರ್‌ನಲ್ಲಿ 68,000 ಡಾಲರ್ ದಾಟಿದ್ದು ಮುಂದಿನ ಜೂನ್‌ನಲ್ಲಿ 20,000ಕ್ಕಿಂತ ಕೆಳಗೆ. ಮೇಲಾಗಿ ತೆರಿಗೆ ಇಲಾಖೆ ಇದನ್ನು ಹಣ ಅನ್ನೋದಿಲ್ಲ, ಆಸ್ತಿ ಅನ್ನುತ್ತದೆ. ಬಂದ ದಿನದ ಬೆಲೆ, ಕೈಬಿಟ್ಟ ದಿನದ ಬೆಲೆ, ನಡುವಿನ ಲಾಭ-ನಷ್ಟ ಎಲ್ಲ ಬರೆದಿಡಬೇಕು. ಬರೆಯೋನು ನಾನು ತಾನೆ!

ಒಂದಕ್ಕೆ ಒಂದು ಡಾಲರ್ ಅಂತ ಬೆಲೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಇದಕ್ಕಿಂತ ವಾಸಿ. ಆದರೂ 2023ರ ಮಾರ್ಚ್‌ನಲ್ಲಿ ಯುಎಸ್‌ಡಿಸಿ ಅನ್ನೋ ಅಂಥ ಕಾಯಿನ್ ಕೂಡ 90 ಸೆಂಟ್‌ಗಿಂತ ಕೆಳಗಿಳಿದಿತ್ತು. ಕಾರಣ? ಅದರ ಮೀಸಲು ಹಣದ ಒಂದು ಪಾಲು ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನಲ್ಲಿತ್ತು. ಬ್ಯಾಂಕ್ ಬೇಡ ಅಂತ ಓಡಿದವರು ಸುತ್ತಿ ಬಳಸಿ ಬ್ಯಾಂಕಿಗೇ ಬಂದಹಾಗೆ. ನಮಗೂ ಅಷ್ಟೇ. ಬಾಡಿಗೆ, ಸಂಬಳ, ತೆರಿಗೆ ಎಲ್ಲಕ್ಕೂ ಡಾಲರ್ ಬೇಕು. ವಾಲೆಟ್‌ನಲ್ಲಿದ್ದ ಕ್ರಿಪ್ಟೋವನ್ನು ಡಾಲರ್ ಮಾಡಿಕೊಳ್ಳಲು ಹೋದರೆ, ಅದನ್ನು ಬದಲಿಸಿಕೊಡುವ ಎಕ್ಸ್‌ಚೇಂಜ್‌ನವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ವ್ಯಾಪಾರ ಏನು?"

ಕೊನೆಗೆ ಕ್ರೆಡಿಟ್ ಯೂನಿಯನ್. ನಮ್ಮ ಕಡೆಯ ಸಹಕಾರಿ ಸೊಸೈಟಿಯ ಥರ. 2014ರ ಫೆಬ್ರವರಿಯ ಖಜಾನೆ ಇಲಾಖೆಯ ಸೂಚನೆ ಪ್ರಕಾರ ಅವರು ಗಾಂಜಾ ಖಾತೆಗಳ ಬಗ್ಗೆ ಸರ್ಕಾರಕ್ಕೆ ವರದಿ ಕಳಿಸುತ್ತಲೇ ಇರಬೇಕು. ಲೈಸೆನ್ಸ್, ಮಾರಾಟದ ಲೆಕ್ಕ, ಪಾಲುದಾರರ ಪೂರ್ವಾಪರ ಎಲ್ಲವನ್ನೂ ಕೆದಕಿದರು. ತಿಂಗಳ ಶುಲ್ಕ ಜಾಸ್ತಿ. ಅದರ ಮೇಲೆ ತೆರಿಗೆ ಕಾನೂನಿನ 280ಇ ಕಲಂ ಬೇರೆ: ನಮ್ಮದು ಕೇಂದ್ರ ಒಪ್ಪದ ಮಾಲು, ಹಾಗಾಗಿ ಆ ಶುಲ್ಕವನ್ನು ಖರ್ಚು ಅಂತ ಕಳೆಯುವಂತಿರಲಿಲ್ಲ. ಆದರೂ ಸಂಬಳ ನೇರ ಖಾತೆಗೆ ಹೋಯಿತು, ತೆರಿಗೆ ಕೂತಲ್ಲೇ ಕಟ್ಟಿದೆವು. ಇನ್ನೊಮ್ಮೆ ಆರಿಸು ಅಂದರೂ ನಾನು ಇದನ್ನೇ ಆರಿಸುತ್ತೇನೆ.

ಕ್ರಿಪ್ಟೋವನ್ನು ಪೂರ್ತಿ ಬಿಡಲಿಲ್ಲ. ಪ್ಯಾಕಿಂಗ್ ಡಬ್ಬಿ ಕಳಿಸುವ ಒಬ್ಬರು ಸ್ಟೇಬಲ್‌ಕಾಯಿನ್ ತಗೊಳ್ಳುತ್ತಿದ್ದರು. ಅವರ ಬಿಲ್ ಮಟ್ಟಿಗೆ ಅದೇ ಸಲೀಸು.