ಒಂದೇ ಹಲಗೆಯ ಐದು ಸೌಟು

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮೂರಿನ ಆಚಾರಿಯವರಿಂದ ಒಂದೇ ಹಲಸಿನ ಹಲಗೆಯಲ್ಲಿ ಐದು ಸೌಟು ಮಾಡಿಸಿಕೊಂಡೆ. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಕಡಲೆಕಾಯಿ ಎಣ್ಣೆ, ಮತ್ತೊಂದಕ್ಕೆ ಅಗಸೆ ಎಣ್ಣೆ, ನಾಲ್ಕನೆಯದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಐದನೆಯದಕ್ಕೆ ಏನನ್ನೂ ಹಚ್ಚಲಿಲ್ಲ. ಹಿಡಿಯ ತುದಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಐದನ್ನೂ ದಿನವೂ ಬಳಸಿ, ತೀರ್ಥಹಳ್ಳಿಯ ಮಳೆಗಾಲಕ್ಕೆ ಒಪ್ಪಿಸಿದೆ.

ಹೀಗೆ ಮಾಡಲು ಕಾರಣ ನಮ್ಮ ಚಪಾತಿ ಮಣೆ. ಎರಡು ತಲೆಮಾರು ಬಾಳಿದ ಮಣೆ ಅದು. ಹೊಸ ಅಡುಗೆಮನೆಗೆ ಬಂದ ಮೇಲೆ ಎರಡನೆಯ ಮಳೆಗಾಲದಲ್ಲಿಯೇ ಹಿಂಬದಿಗೆ ಕಪ್ಪು ಬೂಷ್ಟು ಹಿಡಿದು, ನಡುವೆ ಸೀಳು ಬಿಟ್ಟಿತು. ‘ನಾವು ಮೊದಲಿನಿಂದಲೂ ಕೊಬ್ಬರಿ ಎಣ್ಣೆಯನ್ನೇ ಸವರುತ್ತಿದ್ದೆವು, ಆಗ ಏನೂ ಆಗಲಿಲ್ಲವಲ್ಲ’ ಎಂದು ಅತ್ತೆ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅವರು ಹೇಳಿದ್ದು ನಿಜವೇ ಆಗಿತ್ತು.

ಎಣ್ಣೆಗೆ ಮೊದಲಿನ ಕೆಲಸ ಐದಕ್ಕೂ ಒಂದೇ. ಹೊಸ ಸೌಟನ್ನು ನೀರಿನಲ್ಲಿ ಅದ್ದಿ ಒಣಗಿಸಿದರೆ ನಾರು ಎದ್ದು ಮೈ ಒರಟಾಗುತ್ತದೆ. ಆಗ ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಬೇಕು. ಇದನ್ನು ಎರಡು ಸಲ ಮಾಡಿದರೆ ಮುಂದೆ ತೊಳೆದಾಗ ನಾರು ಅಷ್ಟಾಗಿ ಏಳುವುದಿಲ್ಲ. ಎಣ್ಣೆ ಹಚ್ಚುವಾಗ ಸೌಟಿನ ತುದಿಯನ್ನು ನೋಡಬೇಕು: ಅಲ್ಲಿ ಮರದ ನಾಳಗಳು ಬಾಯಿ ತೆರೆದುಕೊಂಡಿರುವುದರಿಂದ ಹನಿ ಇಟ್ಟ ಹಾಗೆಯೇ ಒಳಗೆ ಇಳಿಯುತ್ತದೆ. ಪಕ್ಕದ ಮೈ ಒಂದು ಸಲ ಕುಡಿದರೆ ತುದಿ ಮೂರು ಸಲ ಕುಡಿಯುತ್ತದೆ. ನೀರೂ ಅಲ್ಲಿಂದಲೇ ನುಗ್ಗುತ್ತದೆ, ಸೀಳು ಶುರುವಾಗುವುದೂ ಸಾಮಾನ್ಯವಾಗಿ ಅಲ್ಲಿಂದಲೇ.

ಮೊದಲು ಸೋತದ್ದು ಕಡಲೆಕಾಯಿ ಎಣ್ಣೆ. ಹಚ್ಚಿದ ದಿನ ಹಲಸಿನ ಹಳದಿ ಬಣ್ಣ ಜೇನಿನಂತೆ ಹೊಳೆಯಿತು. ಜುಲೈ ಎರಡನೆಯ ವಾರಕ್ಕೆ ಕೈಗೆ ಅಂಟತೊಡಗಿತು, ಮೂಗಿನ ಹತ್ತಿರ ಹಿಡಿದರೆ ಹಳೆಯ ಚಕ್ಕುಲಿ ಡಬ್ಬಿಯ ಕಮಟು ವಾಸನೆ. ಈ ಎಣ್ಣೆ ಗಾಳಿಯಲ್ಲಿ ಕೆಡುತ್ತದೆ, ಆದರೆ ಗಟ್ಟಿಯಾಗುವಷ್ಟು ಒಣಗುವುದಿಲ್ಲ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿತೆಂದು ಅದನ್ನು ಮರಕ್ಕೆ ಸವರಬೇಡಿ. ಆ ವಾಸನೆ ಹೋಗಿಸಲು ನಾನು ಉಪ್ಪು, ನಿಂಬೆಹಣ್ಣು ಹಾಕಿ ನಾಲ್ಕು ದಿನ ಉಜ್ಜಿದ್ದೇನೆ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಾನು ಅಂದುಕೊಂಡದ್ದು ಅರ್ಧ ತಪ್ಪಾಯಿತು. ಅದು ಬೇಗ ಕಮಟಾಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೆ. ಹಾಗಾಗಲಿಲ್ಲ. ಅದರಲ್ಲಿರುವ ಕೊಬ್ಬಿನ ಬಹುಪಾಲು, ಸುಮಾರು 90 ಪ್ರತಿಶತ, ಸ್ಯಾಚುರೇಟೆಡ್ ಕೊಬ್ಬು. ಗಾಳಿಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಆದರೆ ಅದು ಮರದಲ್ಲಿ ನೆಲೆಯೂ ನಿಲ್ಲುವುದಿಲ್ಲ. ಬಿಸಿ ಸಾರಿನಲ್ಲಿ ಎರಡು ದಿನ ಆಡಿಸಿದರೆ ಅರ್ಧ ಎಣ್ಣೆ ಸಾರಿಗೇ ಹೋಗಿರುತ್ತದೆ. ಪ್ರತಿ ವಾರ ಮತ್ತೆ ಹಚ್ಚಿದಷ್ಟು ದಿನ ಸೌಟು ಚೆನ್ನಾಗಿತ್ತು. ಆಗಸ್ಟಿನಲ್ಲಿ ಹತ್ತು ದಿನ ತವರಿಗೆ ಹೋಗಿ ಬಂದಾಗ ಹಿಡಿಯ ಬುಡದಲ್ಲಿ ಬಿಳಿ ಬೂಷ್ಟು ಕೂತಿತ್ತು.

ಆಗ ಅತ್ತೆಯ ಮಾತಿಗೆ ಉತ್ತರ ಹೊಳೆಯಿತು. ಹಳೆಯ ಮನೆಯಲ್ಲಿ ಮಣೆ, ಸೌಟು, ಕಡೆಗೋಲು ಎಲ್ಲವೂ ಒಲೆಯ ಮೇಲಿನ ಅಟ್ಟದ ಪಕ್ಕ ತೂಗುತ್ತಿದ್ದವು. ಹಗಲಿಡೀ ಬೆಂಕಿಯ ಕಾವು, ಹೊಗೆ, ಇಲ್ಲಣ. ಅಲ್ಲಿ ತೇವ ನಿಲ್ಲುವ ಮಾತೇ ಇರಲಿಲ್ಲ. ಕೊಬ್ಬರಿ ಎಣ್ಣೆ ಮರದ ಮೈಯನ್ನು ಮೃದುವಾಗಿ ಇಟ್ಟಿತು, ಕಾಪಾಡಿದ್ದು ಒಲೆ. ಗ್ಯಾಸ್ ಒಲೆ ಮತ್ತು ಮುಚ್ಚಿದ ಕಪಾಟಿನ ಅಡುಗೆಮನೆಯಲ್ಲಿ ಅದೇ ಎಣ್ಣೆಯಿಂದ ಅದೇ ಫಲ ಬಯಸುವುದು ನ್ಯಾಯವಲ್ಲ.

ಲಿಕ್ವಿಡ್ ಪ್ಯಾರಾಫಿನ್ ಬಗ್ಗೆ ಹೇಳುವುದು ಕಡಿಮೆ. ಮಲಬದ್ಧತೆಗೆ ಕೊಡುವ ಔಷಧಿ ಅದು, ಬಣ್ಣವಿಲ್ಲ, ವಾಸನೆಯಿಲ್ಲ, ಎಷ್ಟು ದಿನವಾದರೂ ಕಮಟಾಗುವುದಿಲ್ಲ. ಔಷಧಿ ದರ್ಜೆಯದ್ದನ್ನೇ ಕೊಳ್ಳಬೇಕು, ಯಂತ್ರಕ್ಕೆ ಹಾಕುವ ಎಣ್ಣೆ ಬೇಡ. ಕೊಬ್ಬರಿ ಎಣ್ಣೆಯಂತೆಯೇ ಇದೂ ಒಣಗುವುದಿಲ್ಲ, ತೊಳೆದಂತೆ ಕಳೆದುಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಹಚ್ಚಿದೆ, ಬೂಷ್ಟು ಬರಲಿಲ್ಲ. ಆದರೂ ಸೌಟಿನ ಮೈ ಸ್ವಲ್ಪ ಸಪ್ಪೆಯಾಗಿಯೇ ಉಳಿಯಿತು. ತರಕಾರಿ ಹೆಚ್ಚುವ ಮಣೆಗೆ ಮಾತ್ರ ಇದು ಹೇಳಿ ಮಾಡಿಸಿದಂತಿದೆ: ಚಾಕುವಿನ ಗೀರು ಬೀಳುತ್ತಲೇ ಇರುವ ಕಡೆ ಗಟ್ಟಿ ಲೇಪ ನಿಲ್ಲುವುದಿಲ್ಲ, ಮತ್ತೆ ಮತ್ತೆ ಸುಲಭವಾಗಿ ಸವರುವಂಥದ್ದೇ ಬೇಕು.

ಅಗಸೆ ಎಣ್ಣೆಯನ್ನು ಧಾರವಾಡದ ಗೆಳತಿ ಗಾಣದಿಂದ ತಂದುಕೊಟ್ಟಿದ್ದಳು. ಅಗಸೆ ಚಟ್ನಿಪುಡಿಯ ಡಬ್ಬಿ ತೆರೆದಾಗ ಬರುವ ವಾಸನೆಯೇ ಅದಕ್ಕೂ. ಇದು ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಕೂಡಿ ಮರದೊಳಗೇ ಗಟ್ಟಿಯಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಆದರೆ ತಾಳ್ಮೆ ಬೇಕು. ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಗಾಳಿಯಾಡುವ ಕಡೆ ನಾಲ್ಕೈದು ದಿನ ಬಿಟ್ಟು, ಹೀಗೆ ಮೂರು ಸಲ. ಮೊದಲ ಸಲ ದಪ್ಪ ಹಚ್ಚಿಬಿಟ್ಟು, ಅದು ಹಲಸಿನ ಮೇಣದಂತೆ ಅಂಟಂಟಾಗಿ, ಕೆರೆದು ತೆಗೆಯಬೇಕಾಯಿತು. ಮಳೆ ಹಿಡಿದ ಮೇಲೆ ಶುರುಮಾಡಿದರೆ ಒಣಗುವುದು ಇನ್ನೂ ನಿಧಾನ, ಏಪ್ರಿಲ್ ಅಥವಾ ಮೇ ತಿಂಗಳೇ ಸರಿ.

ಎರಡು ಎಚ್ಚರಿಕೆಗಳಿವೆ. ಬಣ್ಣದ ಅಂಗಡಿಯಲ್ಲಿ ಕುದಿಸಿದ ಅಗಸೆ ಎಣ್ಣೆ ಎಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಬಾಗಿಲು, ಕಿಟಕಿಗೆ ಅದು ಒಳ್ಳೆಯದು, ಊಟದ ಸಾಮಾನಿಗೆ ಖಂಡಿತ ಬೇಡ. ಎರಡನೆಯದು, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಬಿಡಿಸಿ ಒಣಹಾಕಿ, ಅಥವಾ ನೀರಿನಲ್ಲಿ ನೆನೆಸಿಡಿ.

ಸೆಪ್ಟೆಂಬರಿನ ಕೊನೆಗೆ ಐದೂ ಸೌಟುಗಳನ್ನು ಸಾಲಾಗಿ ಇಟ್ಟು ಒಂದೊಂದು ಹನಿ ನೀರು ಹಾಕಿದೆ. ಏನೂ ಹಚ್ಚದ್ದು ತಕ್ಷಣ ಕಪ್ಪಾಗಿ ನೀರು ಹೀರಿಕೊಂಡಿತು, ಅದರ ತುದಿಯಲ್ಲಿ ಉಗುರು ಸಿಕ್ಕುವಷ್ಟು ಸೀಳೂ ಇತ್ತು. ಕೊಬ್ಬರಿ ಎಣ್ಣೆಯದೂ ಪ್ಯಾರಾಫಿನ್‌ನದೂ ನಿಧಾನವಾಗಿ ಹೀರಿದವು. ಅಗಸೆ ಎಣ್ಣೆಯ ಸೌಟಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತಿತ್ತು.

ಈಗ ನಮ್ಮ ಮನೆಯಲ್ಲಿ ಸೌಟು, ಲಟ್ಟಣಿಗೆ, ಹೊಸ ಚಪಾತಿ ಮಣೆಗೆ ಬೇಸಿಗೆಯಲ್ಲಿ ಅಗಸೆ ಎಣ್ಣೆ. ಹೆಚ್ಚುವ ಮಣೆಗೆ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ಮುಲಾಮು. ಮೇಣ 62ರಿಂದ 64 ಡಿಗ್ರಿಗೆ ಕರಗುವುದರಿಂದ ನೇರವಾಗಿ ಉರಿಯ ಮೇಲೆ ಇಡುವ ಅಗತ್ಯವೇ ಇಲ್ಲ. ಬರೀ ಪ್ಯಾರಾಫಿನ್‌ಗಿಂತ ಇದು ಎರಡರಷ್ಟು ದಿನ ನಿಲ್ಲುತ್ತದೆ.

ಚನ್ನಪಟ್ಟಣದ ಕುಂಕುಮದ ಭರಣಿಗೆ ಮಾತ್ರ ಇವ್ಯಾವುದನ್ನೂ ತಾಗಿಸುವುದಿಲ್ಲ. ಆಲೆ ಮರದ ಮೇಲೆ ತಿರುಗಣೆಯ ಬಿಸಿಗೆ ಅರಗು ಕರಗಿ ಕೂತು, ಕೇದಗೆಯ ಎಲೆಯಿಂದ ಹೊಳಪು ಪಡೆದ ಮೈ ಅದು, ಎಣ್ಣೆ ಒಳಗೆ ಇಳಿಯಲು ದಾರಿಯೇ ಇಲ್ಲ. ಬಿಸಿನೀರು, ಸೋಡಾ, ಸ್ಪಿರಿಟ್ ಮೂರೂ ಅರಗಿಗೆ ಶತ್ರು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅತ್ತೆ ಈಗಲೂ ಕಡೆಗೋಲಿಗೆ ಕೊಬ್ಬರಿ ಎಣ್ಣೆಯನ್ನೇ ಸವರುತ್ತಾರೆ. ದಿನವೂ ಮಜ್ಜಿಗೆ ಕಡೆಯುವುದರಿಂದ ಬೆಣ್ಣೆ ತಾಗಿ, ಅದು ಹೇಗೂ ಜಿಡ್ಡಾಗಿಯೇ ಇರುತ್ತದೆ. ಮಜ್ಜಿಗೆ ಮುಗಿದ ಮೇಲೆ ಅದನ್ನು ತೊಳೆದು, ಕಪಾಟಿನೊಳಗೆ ಇಡದೆ, ಹಿತ್ತಲಿನ ಬಚ್ಚಲೊಲೆಯ ಮೇಲಿನ ಗೂಟಕ್ಕೆ ನೇತುಹಾಕುತ್ತಾರೆ. ಆ ಗೂಟದ ಪಕ್ಕ ಈ ಜೂನ್‌ನಲ್ಲಿ ನಾನೂ ಐದು ಗೂಟ ಹೊಡೆಸಿದ್ದೇನೆ.